ನಡಾವಳಿಯಲ್ಲಿ ಇಲ್ಲದ ಸಾಲು

ಒಂದು ವರ್ಷ ಆಗ್ತಾ ಬಂತು, ನಮ್ಮೂರ ಪಂಚಾಯ್ತಿಯ ನಡಾವಳಿ ಪುಸ್ತಕದಲ್ಲಿ ಇರಬೇಕಾಗಿದ್ದು ಇಲ್ಲದೇ ಹೋದ ಒಂದು ಸಾಲು ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಯಾರ ಹತ್ರ ಹೇಳಿದ್ರೂ "ಅಯ್ಯೋ ಅಷ್ಟೇನಾ" ಅಂತಾರೆ. ಅಷ್ಟೇ, ನಿಜ. ಆದ್ರೂ ಒಂದ್ಸಲ ಪೂರ್ತಿ ಬರೆದು ನೋಡೋಣ ಅಂತ ಕೂತಿದೀನಿ. ನಾನು ಇರೋದು ಹಾಸನದಲ್ಲಿ, ಕೆಲಸ ಅಲ್ಲೇ, ಊರು ಮೂಡಿಗೆರೆ ತಾಲ್ಲೂಕು. ಪಂಚಾಯ್ತಿ ಹೆಸರು ಇಲ್ಲಿ ಹಾಕಲ್ಲ, ಯಾಕಂದ್ರೆ ಯಾರನ್ನೋ ಕಟಕಟೆಲಿ ನಿಲ್ಲಿಸಬೇಕು ಅಂತ ಬರೀತಿಲ್ಲ, ಮತ್ತೆ ಇದು ನಮ್ಮದೊಂದೇ ಪಂಚಾಯ್ತಿ ವಿಷ್ಯನೂ ಅಲ್ಲ, ಸಕಲೇಶಪುರದ ಕಡೆಯ, ಕಳಸದ ಕಡೆಯ ಗೆಳತಿಯರಿಗೆ ಹೇಳಿದಾಗ ಅವರೂ "ನಮ್ಮಲ್ಲೂ ಹಂಗೇ ಕಣೆ" ಅಂದ್ರು.

ಹೋದ ಮಳೆಗಾಲದ ಗ್ರಾಮಸಭೆ. ಆಗಸ್ಟ್ ತಿಂಗಳು. ಅಪ್ಪನ ಮನೆಯ ಇ-ಸ್ವತ್ತು, ಅಂದ್ರೆ ಪಂಚಾಯ್ತಿ ಕೊಡೋ ಆಸ್ತಿ ದಾಖಲೆ, ಮಾಡಿಸೋದಕ್ಕೆ ಅಂತ ಎರಡು ದಿನ ರಜೆ ಹಾಕಿ ಹೋಗಿದ್ದೆ, ಪಂಚಾಯ್ತಿಗೆ ಹೋದ್ರೆ "ಇವತ್ತು ಯಾರೂ ಸಿಗಲ್ಲ ಮೇಡಂ, ಎಲ್ಲಾ ಗ್ರಾಮಸಭೆಲಿ ಇದಾರೆ" ಅಂದ್ರು, ಸರಿ ಅಂತ ನಾನೂ ಸಮುದಾಯ ಭವನಕ್ಕೆ ಹೋಗಿ ಹಿಂದಿನ ಸಾಲಲ್ಲಿ ಕೂತೆ. ಹೊರಗೆ ಮಳೆ ಅಂದ್ರೆ ಮಳೆ, ಶೀಟಿನ ಮೇಲೆ ಬೀಳೋ ಸದ್ದಿಗೆ ಮೈಕಿದ್ರೂ ಅರ್ಧ ಕೇಳಲ್ಲ. ಬಾಗಿಲ ಹತ್ರ ಕೊಡೆಗಳ ರಾಶಿ, ಅದರಿಂದ ಹರಿದ ನೀರು ಕುರ್ಚಿಗಳ ಕೆಳಗೆ ಬಂದು ನಿಂತಿತ್ತು. ಸಹಿ ಪುಸ್ತಕ ಕೈಯಿಂದ ಕೈಗೆ ಹೋಗ್ತಿತ್ತು, ಕೋರಂ ಆಗಬೇಕಲ್ಲ. ನೋಡಲ್ ಅಧಿಕಾರಿ ಮಾತಾಡಿದ್ರು, ಆಮೇಲೆ ಒಂದೊಂದೇ ಇಲಾಖೆಯವರು ಎದ್ದು ತಮ್ಮ ಇಲಾಖೆಯ ಸವಲತ್ತು ಓದಿದ್ರು, ತೋಟಗಾರಿಕೆ, ಪಶು ಆಸ್ಪತ್ರೆ, ಆಶಾ ಅಕ್ಕ. ಅದಾದ ಮೇಲೆ ಆನೆ ವಿಷಯ ಬಂತು ನೋಡಿ, ಬಂದಿದ್ದೇ ತಡ ಸಭೆ ಪೂರ್ತಿ ಎದ್ದು ನಿಂತ್ಕೊಂಡ್ತು. ಅದರಲ್ಲಿ ತಪ್ಪು ಹುಡುಕಲ್ಲ ನಾನು, ಬೆಳಿಗ್ಗೆ ಆರಕ್ಕೆ ಹಾಲು ಹಾಕೋಕೆ ಹೋಗೋರಿಗೆ ತಿರುವಿನಲ್ಲಿ ಆನೆ ಇದೆಯೋ ಇಲ್ವೋ ಅನ್ನೋದು ಜೀವದ ಪ್ರಶ್ನೆ. ಮುಕ್ಕಾಲು ಗಂಟೆ ಆನೆ, ಅರ್ಧ ಗಂಟೆ ರಸ್ತೆ.

ಎಲ್ಲಾ ಮುಗಿದು ಕಾಫಿ ಲೋಟ ಹಂಚೋಕೆ ಶುರು ಮಾಡಿದ ಹೊತ್ತಿಗೆ ನನ್ನ ಪಕ್ಕದಲ್ಲಿ, ಎರಡು ಕುರ್ಚಿ ಆಚೆ ಕೂತಿದ್ದ ಒಬ್ರು ಎದ್ದು ನಿಂತ್ರು. ಅರವತ್ತರ ಹತ್ರ ವಯಸ್ಸು, ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ಬಂದಿದ್ದವರು ಅದನ್ನ ಮಡಚಿ ಕಂಕುಳಲ್ಲಿ ಇಟ್ಕೊಂಡಿದ್ರು. "ಸಾರ್, ನಮ್ ಲೈನಿಗೆ ನಲ್ಲಿ ಯಾವಾಗ ಬರ್ತದೆ?" ಅಂತ ಕೇಳಿದ್ರು. ಲೈನು ಅಂದ್ರೆ ಕಾಫಿ ತೋಟದ ಕೆಲಸದವರು ಇರೋ, ತೋಟದೊಳಗಿನ ಸಾಲು ಮನೆಗಳು. ಅಷ್ಟೇ ಪ್ರಶ್ನೆ. ಮೈಕ್ ಇರಲಿಲ್ಲ, ಗಟ್ಟಿಯಾಗಿಯೇ ಕೇಳಿದ್ರು. ಪಿಡಿಒ, ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಸಾಹೇಬ್ರು ಒಳ್ಳೆಯವರೇ, ಸಿಡುಕಲಿಲ್ಲ, "ಅದು ಪ್ರೈವೇಟ್ ಜಾಗ ಅಲ್ವೇನಮ್ಮ, ಪಂಚಾಯ್ತಿಯಿಂದ ಆಗಲ್ಲ, ನೀವು ನಿಮ್ಮ ಸಾಹುಕಾರ್ರ ಹತ್ರ ಕೇಳ್ಬೇಕು" ಅಂದ್ರು. ಆಯಮ್ಮ ಇನ್ನೂ ಒಂದು ಗಳಿಗೆ ನಿಂತೇ ಇದ್ರು. ಆಮೇಲೆ ಕೂತ್ರು. ಅಷ್ಟೊತ್ತಿಗೆ ಕಾಫಿ ಬಂತು.

ಎರಡು ವಾರ ಬಿಟ್ಟು ಮತ್ತೆ ಹೋದೆ, ಅದೇ ಇ-ಸ್ವತ್ತು ಕೆಲಸಕ್ಕೆ. ಕಂಪ್ಯೂಟರ್ ಹುಡುಗ ಸರ್ವರ್ ಇಲ್ಲ ಅಂತ ಕೂರಿಸಿದ್ದ. ಟೇಬಲ್ ಮೇಲೆ ನಡಾವಳಿ ಪುಸ್ತಕ ಇತ್ತು, ನೋಡ್ಬಹುದಾ ಅಂತ ಕೇಳಿದ್ದಕ್ಕೆ ನೋಡಿ ಮೇಡಂ ಅಂದ. ಆನೆ ಇತ್ತು, ಅರಣ್ಯ ಇಲಾಖೆಗೆ ಪತ್ರ ಬರೆಯಲು ತೀರ್ಮಾನಿಸಲಾಯಿತು ಅಂತ. ರಸ್ತೆ ಇತ್ತು. ಬೀದಿದೀಪ ಇತ್ತು. ಲೈನಿನ ನಲ್ಲಿ ಇರಲಿಲ್ಲ. ಮೇಲಿಂದ ಕೆಳಗೆ ಎರಡು ಸಲ ಓದಿದೆ. ತಿರಸ್ಕರಿಸಲಾಯಿತು ಅಂತಾದ್ರೂ ಬರೆದಿದ್ರೆ ನನಗೆ ಇಷ್ಟು ಸಂಕಟ ಆಗ್ತಿರಲಿಲ್ಲ. ಕೇಳಿದ್ದೇ ಇಲ್ಲ ಅನ್ನೋ ಥರ ಇತ್ತು ಪುಟ.

ಹೆಸರಿರೋ ಊರು, ಹೆಸರಿಲ್ಲದ ಊರು

ನಮ್ಮ ಕಡೆ ಊರು ಅಂದ್ರೆ ಬಯಲುಸೀಮೆ ಥರ ಒತ್ತೊತ್ತಾಗಿ ಇರೋ ಮನೆಗಳಲ್ಲ. ಇಲ್ಲೊಂದು ಗುಡ್ಡದ ಮೇಲೆ ನಾಲ್ಕು ಮನೆ, ಗದ್ದೆ ದಾಟಿ ಆಚೆ ಎರಡು, ತೋಟದ ಒಳಗೆ ಇನ್ನೊಂದು. ನಮ್ಮ ಪಂಚಾಯ್ತಿ ಆಫೀಸಿನ ಗೋಡೆಯ ಮೇಲೆ ಒಂದು ಬೋರ್ಡಿದೆ, ಕಂದಾಯ ಗ್ರಾಮ ಇಷ್ಟು, ಅದಕ್ಕೆ ಸೇರಿದ ಮಜರೆ, ಅಂದ್ರೆ ಚಿಕ್ಕ ಚಿಕ್ಕ ಊರು, ಇಷ್ಟು ಅಂತ, ಎಲ್ಲದರ ಹೆಸರೂ ಇದೆ. ನಮ್ಮ ಮನೆ ಇರೋ ಮಜರೆಲಿ ಈಗ ಐದೇ ಮನೆ, ಅದರಲ್ಲೂ ಒಂದಕ್ಕೆ ಬೀಗ, ಮಕ್ಕಳೆಲ್ಲ ಬೆಂಗಳೂರು. ಆದ್ರೂ ನಮ್ಮ ಮಜರೆ ಹೆಸರು ಬೋರ್ಡಲ್ಲಿ ಮೂರನೇ ಸಾಲಲ್ಲಿ ಇದೆ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಕಂದಾಯ ಕಟ್ಟೋಕೆ ಹೋದಾಗಲೆಲ್ಲ ಅದನ್ನ ಬೆರಳಿಟ್ಟು ಓದ್ತಿದ್ದೆ. ಆ ಲೈನಲ್ಲಿ ಹದಿನೆಂಟು ಸಂಸಾರ ಇದೆ, ಅದರ ಹೆಸರು ಬೋರ್ಡಲ್ಲಿ ಇಲ್ಲ. ಮೂವತ್ತು ವರ್ಷ ಆ ಬೋರ್ಡ್ ನೋಡಿದೀನಿ, ಇಲ್ಲ ಅನ್ನೋದು ಗೊತ್ತಾಗಿದ್ದು ಆವತ್ತು.

ಡಿಮ್ಯಾಂಡ್ ರಿಜಿಸ್ಟರಲ್ಲೂ ಅಷ್ಟೇ. ತೆರಿಗೆ ಲೆಕ್ಕದಲ್ಲಿ ಇಡೀ ಲೈನು ಒಂದೇ ಸಾಲು, ತೋಟದ ಮಾಲೀಕರ ಹೆಸರಲ್ಲಿ. ಆದ್ರೆ ಅದೇ ಹದಿನೆಂಟು ಸಂಸಾರದವರ ಹೆಸರು ವೋಟರ್ ಲಿಸ್ಟಲ್ಲಿ ಒಬ್ಬೊಬ್ಬರದ್ದೂ ಇದೆ, ರೇಷನ್ ಕಾರ್ಡಲ್ಲಿ ಇದೆ, ಜನಗಣತಿಲಿ ಇದೆ. ಇಲ್ಲೇ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳೋದು. 1993ರ ಪಂಚಾಯತ್ ರಾಜ್ ಕಾಯ್ದೆ ಮಾಡುವಾಗ ಬೇರೆ ಕಡೆ 5,000ದಿಂದ 7,000 ಜನಕ್ಕೆ ಒಂದು ಪಂಚಾಯ್ತಿ ಅಂತ ಇಟ್ಟು, ಚಿಕ್ಕಮಗಳೂರು, ಹಾಸನ, ಕೊಡಗು ಇಂಥ ಜಿಲ್ಲೆಗಳಿಗೆ 2,500 ಇದ್ರೂ ಸಾಕು ಅಂತ ಮಾಡಿದ್ರು, ಮನೆಗಳು ದೂರ ದೂರ ಇರ್ತವೆ, ಜನ ಕಡಿಮೆ ಅಂತ ತಿಳಿದೇ ಮಾಡಿದ್ದು. 400 ಜನಕ್ಕೆ ಒಬ್ಬ ಮೆಂಬರ್. ನಮ್ಮಂಥ ಕಡೆ ಆ ಸಂಖ್ಯೆ ತುಂಬೋದು ಹೆಂಗೆ ಅಂದ್ಕೊಂಡ್ರಿ? ತೋಟದ ಲೈನುಗಳಿಂದ. ಲೈನಿನ ತಲೆಗಳನ್ನ ತೆಗೆದುಬಿಟ್ರೆ ನಮ್ಮ ವಾರ್ಡಿಗೆ ಒಂದು ಸೀಟು ಉಳಿಯೋದೂ ಕಷ್ಟ. ಪಂಚಾಯ್ತಿ ನಿಂತಿರೋದೇ ಅವರ ಲೆಕ್ಕದ ಮೇಲೆ, ನಲ್ಲಿ ಕೊಡೋ ಲೆಕ್ಕ ಬಂದಾಗ ಮಾತ್ರ ಅವರು ಸಾಹುಕಾರ್ರ ಕಡೆಯವರು.

ಸಾಹುಕಾರ್ರ ಹತ್ರ ಕೇಳಿ ಅನ್ನೋದು ಪೂರ್ತಿ ತಪ್ಪು ಮಾತೂ ಅಲ್ಲ, ಅದನ್ನ ಹೇಳ್ಬೇಕು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಲಿ 5 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡದಿದ್ದು 15 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ತೋಟದಲ್ಲಿ ಕುಡಿಯೋ ನೀರು, ಮನೆ, ಆಸ್ಪತ್ರೆ ವ್ಯವಸ್ಥೆ ಮಾಲೀಕರೇ ನೋಡ್ಕೋಬೇಕು ಅಂತ ಇತ್ತು. ಆವತ್ತಿನ ತೋಟ ಹಂಗಿತ್ತು, ತೋಟದೊಳಗೇ ಡಾಕ್ಟ್ರು ಬರ್ತಿದ್ರು, ಕೂಸುಗಳನ್ನ ನೋಡ್ಕೊಳ್ಳೋಕೆ ಆಯಾ ಇರ್ತಿದ್ರು ಅಂತ ಹಳಬರು ಹೇಳ್ತಾರೆ. ಈಗ ಈ ತೋಟದ ಮಾಲೀಕರು ವರ್ಷಕ್ಕೆ ಎರಡು ಸಲ ಬಂದ್ರೆ ಹೆಚ್ಚು, ಎಲ್ಲ ನೋಡ್ಕೊಳ್ಳೋದು ತೋಟದ ಲೆಕ್ಕ ಬರೆಯೋ ರೈಟ್ರು. ಲೈನಿನ ಹಿಂದೆ ಒಂದು ಸಿಮೆಂಟ್ ತೊಟ್ಟಿ ಇದೆ, ತೋಟದ ಕೆರೆಯಿಂದ ಮೋಟ್ರಲ್ಲಿ ನೀರು ತುಂಬುತ್ತೆ. ಮಳೆಗಾಲದಲ್ಲಿ ಅದು ಕೆಂಪು. ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂವು ಅರಳಿಸೋ ಬ್ಲಾಸಂ ಮಳೆ ಕೈ ಕೊಟ್ರೆ ಸ್ಪ್ರಿಂಕ್ಲರ್ ಹಾಕ್ಬೇಕು, ಆಗ ಕೆರೆ ನೀರು ಮೊದಲು ಗಿಡಕ್ಕೆ. ರೈಟ್ರಿಗೂ ಬೇರೆ ದಾರಿ ಇಲ್ಲ, ಹೂವು ನಿಲ್ಲಲಿಲ್ಲ ಅಂದ್ರೆ ವರ್ಷದ ಫಸಲೇ ಹೋಯ್ತು, ನಾವೂ ಕಾಫಿ ಇಟ್ಕೊಂಡಿರೋರೇ, ಆ ಸಂಕಟ ಗೊತ್ತು. ಒಟ್ಟಲ್ಲಿ ಪಂಚಾಯ್ತಿ ತೋಟದ ಕಡೆ ಕೈ ತೋರ್ಸುತ್ತೆ, ತೋಟ ಪಂಚಾಯ್ತಿ ಕಡೆ ತೋರ್ಸುತ್ತೆ, ಆ ಅಕ್ಕ ಇಬ್ಬರ ಮಧ್ಯೆ ಕೊಡ ಹಿಡ್ಕೊಂಡು ನಿಂತಿದಾರೆ.

ಪೈಪಿನ ಜೊತೆ ನಡೆದ ದಿನ

ನವೆಂಬರಲ್ಲಿ ಊರಿಗೆ ಹೋದಾಗ ನಮ್ಮ ವಾಟರ್‌ಮ್ಯಾನ್ ಅಣ್ಣನ ಜೊತೆ ಅರ್ಧ ದಿನ ನಡೆದೆ. ಅವರು ಬಾ ಅಂದಿದ್ದಲ್ಲ, ನಾನೇ ಕೇಳ್ಕೊಂಡು ಹೋಗಿದ್ದು. ನಮ್ಮ ಪಂಚಾಯ್ತಿಲಿ ಕೆಲವು ಊರಿಗೆ ಬೋರ್‌ವೆಲ್ ನೀರು, ನಮ್ಮ ಮೇಲಿನ ಮಜರೆಗಳಿಗೆ ಮಾತ್ರ ಹಳ್ಳದ ನೀರು ಗ್ರಾವಿಟಿಲಿ ಬರೋದು, ಕರೆಂಟ್ ಬೇಡ, ಮೋಟ್ರು ಬೇಡ. ಮೇಲೆ ಕಾಡಂಚಲ್ಲಿ ಹಳ್ಳಕ್ಕೆ ಅಡ್ಡ ಕಟ್ಟಿರೋ ಚಿಕ್ಕ ಕಟ್ಟೆ, ಅಲ್ಲಿಂದ ಪೈಪು. ಅವರ ಕೈಲಿ ಒಂದು ಕತ್ತಿ, ಒಂದು ಪೈಪ್ ರೇಂಚು, ಜೇಬಲ್ಲಿ ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಗಳು. ಹಿಂದಿನ ದಿನದಿಂದ ನೀರು ಸಣ್ಣಗೆ ಬರ್ತಿದೆ ಅಂತ ಫೋನ್ ಮೇಲೆ ಫೋನ್ ಬಂದಿತ್ತಂತೆ. ಒಂದು ಜಾಯಿಂಟ್ ಹತ್ರ ಕೂತ್ರು, ಪೈಪಿಗೆ ಕಿವಿ ಇಟ್ಟು ಕೇಳಿದ್ರು, "ಇಲ್ಲೇ ಅವ್ನೆ" ಅಂದ್ರು. ಬಿಚ್ಚಿದ್ರೆ ಎಲೆಗಸ ಸುತ್ತಿಕೊಂಡು ಒಂದು ಏಡಿ, ಹೆಬ್ಬೆಟ್ಟಿನಷ್ಟು, ಕಾಲೆಲ್ಲ ಮಡಚ್ಕೊಂಡು ಬಿರಟೆ ಥರ ಕೂತಿತ್ತು. ಅದನ್ನ ಬೆರಳಲ್ಲಿ ಎಳೆದು ಹಳ್ಳದ ಕಡೆ ಬಿಟ್ಟು, ಜಾಯಿಂಟ್ ಹಾಕಿ ಟ್ಯೂಬ್ ಪಟ್ಟಿ ಬಿಗಿದು, ಅಂಗೈ ಇಟ್ಟು ನೋಡಿದ್ರು, ತೊಟ್ಟಿಕ್ತಿದೆಯಾ ಅಂತ. ಇಡೀ ಮಜರೆಗೆ ನೀರು ಸಣ್ಣಗಾಗಿದ್ದು ಆ ಒಂದು ಏಡಿಯಿಂದ. ಈ ಕೆಲಸ ವರ್ಷಪೂರ್ತಿ, ಮಳೇಲೂ, ಆನೆ ಇದ್ದಾಗಲೂ. ಅವರ ಸಂಬಳದ ವಿಷಯ ಬೇರೆಯೇ ಬರೀಬೇಕು, ಎಷ್ಟೋ ತಿಂಗಳು ತಡ ಆಗುತ್ತೆ.

ಅಲ್ಲಿಂದ ಪೈಪ್ ಹಿಡ್ಕೊಂಡು ಇಳಿದ್ವಿ. ಇಳೀತಾ ಇಳೀತಾ ತೋಟದ ಒಳಗೆ ಬಂದ್ವಿ, ಕಾಫಿ ಗಿಡಗಳ ಮಧ್ಯೆ, ಹಣ್ಣು ಕೆಂಪಾಗ್ತಾ ಇತ್ತು. ನಾನು ಕೇಳಿದೆ, "ಅಣ್ಣ, ಇದು ಅವರ ತೋಟ ಅಲ್ವಾ?" "ಹೌದಲ್ಲ, ಪೈಪು ಇದರೊಳಗೇ ಹೋಗೋದು, ಬೇರೆ ಎಲ್ಲಿಂದ ತಗೊಂಡು ಹೋಗೋದು, ಆವಾಗ್ಲೇ ಪರ್ಮಿಶನ್ ತಗೊಂಡು ಹಾಕಿದ್ದು" ಅಂದ್ರು. ಇನ್ನೂರು ಹೆಜ್ಜೆ ಹೋಗಿದ್ವೇನೋ, ಗಿಡಗಳ ಸಂದಿಯಲ್ಲಿ ಹಂಚಿನ ಸೂರು ಕಾಣ್ತು. ಲೈನು. ಪಂಚಾಯ್ತಿ ಪೈಪು ಲೈನಿನ ಮುಂದೆ, ಅಂಗಳದಿಂದ ಒಂದು ನಲವತ್ತು ಅಡಿ ದೂರದಲ್ಲಿ, ತೋಟದ ದಾರಿಯ ಪಕ್ಕ ನೆಲದೊಳಗೆ ಹೋಗುತ್ತೆ. ಅಲ್ಲೊಂದು ವಾಲ್ ಚೇಂಬರ್. ವಾಲಿಂದ ನೀರು ಸೋರ್ತಾ ಇತ್ತು, ಸಣ್ಣ ಬೆರಳಿನ ದಪ್ಪ ಧಾರೆ, ಅದರ ಕೆಳಗೆ ಒಂದು ನೀಲಿ ಕೊಡ ಇಟ್ಟಿದ್ರು, ಪಕ್ಕದಲ್ಲಿ ಪಾಳಿಗೆ ಇನ್ನೂ ಆರು ಕೊಡ. ಚೇಂಬರಿನ ಸಿಮೆಂಟು ಅಂಚು ಕೊಡ ಇಟ್ಟೂ ಇಟ್ಟೂ ಒಂದು ಕಡೆ ನುಣ್ಣಗೆ ಸವೆದು ಹೋಗಿತ್ತು. ಮೇಲಿನ ಜಾಯಿಂಟ್ ಹತ್ರ ಒಂದು ತೊಟ್ಟು ಬಿಡದ ಹಂಗೆ ಬಿಗಿದ ಮನುಷ್ಯ ಇಲ್ಲಿ ರೇಂಚು ಕೈಲಿ ಹಿಡ್ಕೊಂಡೇ ಸುಮ್ನೆ ಮುಂದೆ ನಡೆದ್ರು. ನಾನು ನಿಂತು ವಾಲನ್ನೂ ಅವರನ್ನೂ ನೋಡಿದೆ. "ಅದು ಹಳೇ ವಾಲು, ಬಿಗಿ ಆಗಲ್ಲ" ಅಂದ್ರು ತಿರುಗದೇ. ಇದನ್ನ ಎಲ್ಲಾದ್ರೂ ಬರೀಬಹುದಾ ಅಂತ ಆಮೇಲೆ ಕೇಳಿದೆ, ಬರೀರಿ, ನನ್ ಹೆಸರು ಬೇಡ ಅಂದ್ರು.

ಈ ಹೇಮಾವತಿ ಹುಟ್ಟೋದು ನಮ್ಮ ತಾಲ್ಲೂಕಿನ ಜಾವಳಿ ಹತ್ರ. ಆ ಹಳ್ಳದ ನೀರೂ ಕೊನೆಗೆ ಹೋಗಿ ಸೇರೋದು ಅದಕ್ಕೇ. ಅಲ್ಲಿಂದ ಸಕಲೇಶಪುರ ದಾಟಿ ಗೊರೂರು ಡ್ಯಾಮು, ಡ್ಯಾಮಿಂದ ಕಾಲುವೆ ಹಿಡಿದು ತುಮಕೂರಿನವರೆಗೂ ಹೋಗುತ್ತೆ ನೀರು. ಹೋಗ್ಲಿ, ಅಲ್ಲಿಯವರಿಗೂ ಬೇಕು. ಅಷ್ಟು ದೂರ ಎಷ್ಟೋ ಜನರ ಜಮೀನು ದಾಟಿ ನೀರು ತಗೊಂಡು ಹೋಗೋಕೆ ಆಗುತ್ತೆ ಅಂದ್ಮೇಲೆ ನಲವತ್ತು ಅಡಿಗೆ ಪ್ರೈವೇಟ್ ಜಾಗ ಅನ್ನೋ ಮಾತು ನನಗೆ ಒಪ್ಪಿಗೆ ಆಗ್ತಿಲ್ಲ. ಪೈಪು ಆ ಪ್ರೈವೇಟ್ ಜಾಗದೊಳಗೇ ಇದೆಯಲ್ಲ! ನಮ್ಮ ಐದು ಮನೆಗೆ ನೀರು ಬರ್ತಿರೋದೇ ಅದರೊಳಗಿಂದ. ಮನೆ ಮನೆಗೆ ಗಂಗೆ ಅಂತ, ತಲೆಗೆ ದಿನಕ್ಕೆ 55 ಲೀಟರ್ ಅಂತ ಯೋಜನೆ ಬಂದಾಗ ನಮ್ಮ ಬೀಗ ಹಾಕಿರೋ ಮನೆಗೂ ಒಂದು ನಲ್ಲಿ ಕೂತಿದೆ, ಮೀಟರ್ ಸಮೇತ.

ಅಪ್ಪ ಹೇಳಿದ್ದು

ಆವತ್ತು ರಾತ್ರಿ ಊಟ ಮಾಡ್ತಾ ಅಪ್ಪಂಗೆ ಹೇಳಿದೆ. ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ, ಆಮೇಲೆ ಈಗಿನ ಗ್ರಾಮ ಪಂಚಾಯ್ತಿಗೆ ಮುಂಚೆ ಇದ್ದ ಮಂಡಲ ಪಂಚಾಯ್ತಿ ಕಾಲದ್ದು ತೆಗೆದ್ರು. 1987ರ ಜನವರಿ ಚುನಾವಣೆ, ಅಪ್ಪ ಆಗ ಹುಡುಗ, ಚೀಟಿ ಹಂಚೋಕೆ ಓಡಾಡಿದ್ದು. ನಜೀರ್ ಸಾಬ್ ಮಂತ್ರಿ, ನೀರ್ ಸಾಬ್ ಅಂತ್ಲೇ ಕರೀತಿದ್ದಿದ್ದು ಜನ, ಊರೂರಿಗೆ ಬೋರ್ ಹಾಕ್ಸಿದ್ರು ಅಂತ. ನಮ್ಮ ಕಾಲೋನಿಗೂ ಒಂದು ಕೈ ಪಂಪು ಬಂತು, ಲಾರಿ ಬಂದು ಬೋರ್ ಕೊರೆಯೋದನ್ನ ನೋಡೋಕೆ ಸ್ಕೂಲಿಗೆ ರಜೆ ಕೊಟ್ಟಿದ್ರಂತೆ. ಆ ಪಂಪು ಇವತ್ತಿಗೂ ಇದೆ, ಹಿಡಿ ಎತ್ತಿ ಇಳಿಸಿದ್ರೆ ನೀರೂ ಬರುತ್ತೆ. "ಲೈನಿಗೆ ಹಾಕ್ಲಿಲ್ವಾ?" ಅಂದೆ. "ಆಗ್ಲೂ ಕೇಳಿದ್ರು ಮಗಾ, ಲೈನಿಂದ ನಾಲ್ಕೈದು ಜನ ಬಂದು ಕೇಳಿದ್ರು. ತೋಟದ್ದು, ನಮಗೆ ಬರಲ್ಲ ಅಂತ ನಾವೇ ಹೇಳಿ ಕಳಿಸಿದ್ವು." ನಾವೇ ಅಂದ್ರು ಅಪ್ಪ. ಅವರು ಅಂತ ಅನ್ಲಿಲ್ಲ. ನಂಗೆ ಅದು ಮುಖ್ಯ ಅನ್ನಿಸ್ತು.

ಜಾಗದ ವಿಷಯನೂ ಹೇಳಿಬಿಡ್ತೀನಿ, ಅದು ಬಿಟ್ರೆ ಅರ್ಧ ಹೇಳ್ದಂಗೆ. ಲೈನಲ್ಲಿ ಇರೋಕೆ ಆಗೋದು ಕೆಲಸ ಮಾಡೋವರೆಗೆ. ಆಮೇಲೆ ಮಗನೋ ಸೊಸೆಯೋ ಅದೇ ತೋಟದಲ್ಲಿ ಇದ್ರೆ ಸರಿ, ಇಲ್ಲಾಂದ್ರೆ ಎಲ್ಲಿಗೆ? ಸರ್ಕಾರಿ ಜಾಗದಲ್ಲಿ ಮನೆ ಕಟ್ಕೊಂಡೋರಿಗೆ ಭೂಕಂದಾಯ ಕಾಯ್ದೆಯ 94ಸಿ ಅಡಿ ಹಕ್ಕುಪತ್ರ ಸಿಗುತ್ತೆ, ಲೈನ್ ಮನೆಗೆ ಅದು ಬರಲ್ಲ. ನಿವೇಶನ ಕೊಡಿ ಅಂದ್ರೆ ಜಾಗ ಇಲ್ಲ, ಇರೋದೆಲ್ಲ ಒಂದೋ ಕಾಡು ಅಂತ ಪರಿಗಣಿಸಿರೋ ಡೀಮ್ಡ್ ಫಾರೆಸ್ಟು, ಇಲ್ಲ ಒತ್ತುವರಿ. ಒತ್ತುವರಿ ಮಾಡಿದವರು ಯಾರು? ನಾವು ಬೆಳೆಗಾರರು. ನಮ್ಮ ಅಪ್ಪನ ಆರು ಎಕರೆಲೂ ಒಂದೂವರೆ ಎಕರೆ ಹಂಗೇ ಬಂದಿದ್ದು, ಸಕ್ರಮ ಮಾಡಿಕೊಡಿ ಅಂತ ಫಾರಂ 53 ಹಾಕಿ ಕೂತಿದೀವಿ. 2005ರ ಮುಂಚೆ ಒತ್ತುವರಿ ಮಾಡಿ ಕಾಫಿ ಹಾಕಿದ ಸರ್ಕಾರಿ ಜಮೀನನ್ನ 25 ಎಕರೆವರೆಗೂ 30 ವರ್ಷಕ್ಕೆ ಗುತ್ತಿಗೆ ಕೊಡೋಕೆ ಕಾನೂನಿಗೇ ತಿದ್ದುಪಡಿ ಆಯ್ತು, ಬೆಳೆಗಾರರ ಸಂಘಗಳು ವರ್ಷಗಟ್ಟಲೆ ಬೆಂಗಳೂರಿಗೆ ಓಡಾಡಿದ್ದು ಸುಳ್ಳಾಗಲಿಲ್ಲ. ನಮಗೆ ಅದರಿಂದ ಉಪಕಾರ ಆಗುತ್ತೆ, ಬೇಡ ಅನ್ನಲ್ಲ. ಆದ್ರೆ ಅದೇ ಸರ್ವೆ ನಂಬರುಗಳಲ್ಲಿ ಮೂವತ್ತು ನಲವತ್ತರ ಹದಿನೆಂಟು ಸೈಟಿಗೆ ಜಾಗ ಇಲ್ಲ ಅಂದ್ರೆ, ಎಷ್ಟು ಜಾಗ ಆಗುತ್ತೆ ಅಂತ ಲೆಕ್ಕ ಹಾಕಿ ನೋಡಿದೀನಿ ನಾನು, ದಾರಿಗೆ ಬಿಟ್ರೂ ಒಂದು ಎಕರೆ ಸಾಕು, ಅಪ್ಪನ ಒತ್ತುವರಿಗಿಂತ ಕಡಿಮೆ.

ಇದನ್ನೆಲ್ಲ ಯಾರಿಗೆ ಹೇಳೋದು ಅನ್ನೋದೂ ಒಂದು ಪ್ರಶ್ನೆ. ಮುಂಚೆ ತಾಲ್ಲೂಕ್ ಪಂಚಾಯ್ತಿ ಮೆಂಬರ್ ಅಂತ ಒಬ್ರು ಇರ್ತಿದ್ರು, ಬಸ್‌ಸ್ಟ್ಯಾಂಡಲ್ಲಾದ್ರೂ ಹಿಡ್ಕೊಂಡು ಕೇಳಬಹುದಿತ್ತು. ತಾಲ್ಲೂಕ್, ಜಿಲ್ಲಾ ಪಂಚಾಯ್ತಿಗೆ ಕೊನೆಗೆ ಚುನಾವಣೆ ಆಗಿದ್ದು 2016ರಲ್ಲಿ, 2021ಕ್ಕೆ ಅವರ ಅವಧಿ ಮುಗೀತು, ಇದನ್ನ ಬರೆಯೋ ಹೊತ್ತಿಗೂ ಇನ್ನೂ ಆಗಿಲ್ಲ. ಗ್ರಾಮ ಪಂಚಾಯ್ತಿ ಬಿಟ್ರೆ ಸೀದಾ ಎಮ್ಮೆಲ್ಲೆ. ಲೈನಿನ ಅಕ್ಕ ಎಮ್ಮೆಲ್ಲೆ ಹತ್ರ ಹೋಗೋದು ಯಾವಾಗ? ಗ್ರಾಮಸಭೆಗೆ ಬಂದಿದ್ದೇ ಒಂದು ದಿನದ ಕೂಲಿ ಬಿಟ್ಟು. ಸಭೆ ಇಡೋದು ವಾರದ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ತೋಟದಲ್ಲಿ ಕೆಲಸ ಇರೋ ಹೊತ್ತಿಗೆ ಸರಿಯಾಗಿ. ಭಾನುವಾರ ಇಡಿ ಅಂತ ನಾನು ಮೆಂಬರ್ ಹತ್ರ ಕೇಳಿದೆ, ಅಧಿಕಾರಿಗಳು ಬರಲ್ಲ ಅಂದ್ರು.

ಅರ್ಜಿ

ಕೊಯ್ಲು ಮುಗಿದ ಮೇಲೆ, ಫೆಬ್ರವರಿ ಕೊನೆಗೆ, ಒಂದು ಭಾನುವಾರ ಲೈನಿಗೆ ಹೋದೆ. ಅರ್ಜಿ ಬರೆದು ಸ್ವೀಕೃತಿ ತಗೊಂಡ್ರೆ ಇಲ್ಲ ಅನ್ನೋಕಾಗಲ್ಲ, ಸಭೆಗೆ ಇಡಲೇಬೇಕು, ನಡಾವಳಿಲಿ ಬರಲೇಬೇಕು ಅಂತ ನನ್ನ ಲೆಕ್ಕ. ಆ ಅಕ್ಕ ಜಗುಲಿ ಮೇಲೆ ಒಲೆಗೆ ಕಾಫಿ ಕಡ್ಡಿ ಮುರೀತಾ ಕೂತಿದ್ರು. ನನ್ನ ಗುರುತು ಹತ್ತಲಿಲ್ಲ, ಇಂಥವರ ಮಗಳು ಅಂದ್ಮೇಲೆ "ಓ ಗೊತ್ತಾಯ್ತು, ಕೂತ್ಕಳಿ ಅಮ್ಮ" ಅಂದ್ರು. ಸಭೇಲಿ ನೀವು ಕೇಳಿದ್ರಲ್ಲ ಅಕ್ಕ ನಲ್ಲಿ ವಿಷಯ, ಅದನ್ನ ಅವರು ಬರ್ಕೊಂಡಿಲ್ಲ, ಈಗ ನಾವೇ ಬರೆದು ಕೊಡೋಣ ಅಂದೆ. ಆಶ್ಚರ್ಯ ಏನೂ ಪಡಲಿಲ್ಲ ಅವರು. "ನಮ್ದು ಬರೆಯಲ್ಲ ಅಮ್ಮ ಅವ್ರು" ಅಂದ್ರು, ಅಷ್ಟೇ, ಕಡ್ಡಿ ಮುರಿಯೋದು ನಿಲ್ಲಿಸದೇ. ಇದರಿಂದ ರೈಟ್ರಿಗೆ ಸಿಟ್ಟು ಬರಲ್ವಾ ಅಂತ ಅವರ ಸೊಸೆ ಒಳಗಿಂದ ಕೇಳಿದಳು. ನನಗೆ ತಕ್ಷಣ ಉತ್ತರ ಬರಲಿಲ್ಲ, ಅರ್ಜಿ ಹಾಕಿ ನಾನು ಹಾಸನಕ್ಕೆ ಬಸ್ ಹತ್ತುತೀನಿ, ಇರಬೇಕಾದವರು ಅವರು. ಅಕ್ಕನೇ ಹೇಳಿದ್ರು, "ಬರಲಿ ಬಿಡು, ನೀರು ತಾನೆ ಕೇಳೋದು."

ಹಾಳೆ ತೆಗೆದು ಬರೆಯೋಕೆ ಶುರು ಮಾಡಿದೆ. ಗೆ, ಅಧ್ಯಕ್ಷರು. ಇಂದ, ಅಂತ ಬರೆದು ಅವರ ಹೆಸರು ಬರೆದೆ. ಆಮೇಲೆ ವಾಸ ಅಂತ ಬರೆದು ಪೆನ್ನು ನಿಂತ್ಹೋಯ್ತು. ತೋಟದ ಹೆಸರು ಬರೆದ್ರೆ ಮತ್ತೆ ಅದೇ ಉತ್ತರ ಬರುತ್ತೆ, ತೋಟದವರು ಅಂತ. ನಿಮ್ಮ ಈ ಜಾಗಕ್ಕೆ ಏನಂತ ಕರೀತೀರಿ ಅಕ್ಕ, ಅಂದೆ. ಲೈನು ಅಂದ್ರು. ಅದಲ್ಲ, ನಿಮ್ಮ ನಿಮ್ಮೊಳಗೆ? ಇನ್ನೊಂದು ಲೈನಿನವರು ಕೇಳಿದ್ರೆ ಏನಂತೀರಿ? ಇದ್ಯಾಕೆ ಕೇಳ್ತಾಳೆ ಇವಳು ಅನ್ನೋ ಥರ ನೋಡಿ, ಅಂಗಳದ ಮೂಲೇಲಿ ಇದ್ದ ಮರದ ಕಡೆ ಗಲ್ಲ ಎತ್ತಿ ತೋರಿಸಿದ್ರು, ಹಳೇ ಹಲಸು, ಬುಡದಲ್ಲೇ ಎಳೆಕಾಯಿ ಬಿಟ್ಟಿತ್ತು. "ಹಲಸಿನಮರ ಅಂತೀವಿ. ಅಲ್ಲಿ ಕೆಳಗಿಂದು ಬಂಡೆಲೈನು, ನಮ್ದು ಹಲಸಿನಮರ. ನಮ್ಮತ್ತೆ ಕಾಲದಿಂದ ಹಂಗೇ."

ವಾಸ: ಹಲಸಿನಮರ, ಅಂತ ಬರೆದೆ. ಹದಿನೆಂಟು ಮನೆಯವರೂ ಸಹಿ ಹಾಕಿದ್ರು, ಐದು ಜನ ಹೆಬ್ಬೆಟ್ಟು. ಸೋಮವಾರ ಪಂಚಾಯ್ತಿಲಿ ಕೊಟ್ಟಾಗ ಟಪಾಲು ನೋಡೋರು ಅದನ್ನ ಓದಿ, "ಹಲಸಿನಮರ? ಇದ್ಯಾವ್ದು ಮೇಡಂ, ನಮ್ಮ ಪಂಚಾಯ್ತಿದಲ್ಲ ಇದು" ಅಂದ್ರು. ನಮ್ಮದೇ, ಅಂದೆ. ಅವರು ಗೋಡೆ ಮೇಲಿನ ಬೋರ್ಡ್ ಕಡೆ ತಿರುಗಿ ಹುಡುಕಿದ್ರು, ನನ್ನ ಕಡೆ ನೋಡಿದ್ರು, ಆಮೇಲೆ ಏನೋ ಯೋಚ್ನೆ ಮಾಡಿ ಸೀಲ್ ಹೊಡೆದು, ಆವಕ ಪುಸ್ತಕದಲ್ಲಿ ನಂಬರ್ ಹಾಕಿ, ಎಲ್ಲಿಂದ ಅನ್ನೋ ಕಾಲಂನಲ್ಲಿ ನಿಧಾನಕ್ಕೆ ಹಲಸಿನಮರ ಅಂತ ಬರ್ಕೊಂಡ್ರು. ನಲ್ಲಿ ಇನ್ನೂ ಬಂದಿಲ್ಲ. ಮುಂದಿನ ಸಭೆ ಯಾವತ್ತು ಅಂತ ಇನ್ನೂ ಗೊತ್ತು ಮಾಡಿಲ್ಲ, ನಾನು ವಾರಕ್ಕೊಂದ್ಸಲ ಫೋನ್ ಮಾಡ್ತಾ ಇದೀನಿ.